ಸುಖಿ ಅಂದ್ರ ತೀರಿಕೊಂಡವರಾ?

ಪ್ರೀತಿಯ ತರನ್ನುಮ,

ನಿನ್ನೆ ನಿನ್ನ ಅಮ್ಮಿಯನ್ನು ನೋಡಲು ಭಾಲ್ಕಿಗೆ ಹೋಗಿದ್ದೆ. ಅಲ್ಲಿ ನಡೆದದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಬೀದರಿನ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ, ಯೂನಿಫಾರ್ಮಿನಲ್ಲೇ ಜರ್ಮನ್ ಕ್ಲಾಸಿಗೆ ಓಡುತ್ತಿದ್ದೆವಲ್ಲ? ಜರ್ಮನಿಯ ಒಂದೇ ಊರಿನಲ್ಲಿ ಇಬ್ಬರೂ ನರ್ಸ್ ಆಗಬೇಕೆಂಬ ಹಟ. ಗಂಡು, ಹೆಣ್ಣು ನೋಡಿಕೊಂಡು ವಿಶೇಷಣದ ಬಾಲ ಬದಲಾಗುತ್ತದೆ ಎಂದಾಗ ಔರಾದಿನ ಹುಡುಗಿ ನಾನು ಕಂಗಾಲಾದೆ. ನನ್ನ ಕನ್ನಡದಲ್ಲಿ ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಅಷ್ಟೇ. ನೀನು ನಕ್ಕೆ. "ಅಚ್ಛಾ ಲಡ್ಕಾ, ಅಚ್ಛೀ ಲಡ್ಕಿ. ನಮ್ಮ ಮನಿ ಮಾತಿನಂಗೇ ಅದ, ಅಂಜಬ್ಯಾಡ."

ಒಂದು ದಿನ ಅಶ್ವಜಿತ ಸರ್ 'ಜೇಲಿಶ್' ಎಂಬ ಪದ ಹೇಳಿಕೊಟ್ಟರು. ಮೊದಲ ಅರ್ಥ ಸುಖಿ, ಧನ್ಯ. ಬರಬರುತ್ತಾ ತೀರಿಕೊಂಡವರಿಗೂ ಅದನ್ನೇ ಹಚ್ಚಿದರಂತೆ: ಅಪ್ಪನಾದರೆ ಜೇಲಿಗರ್, ಅಮ್ಮನಾದರೆ ಜೇಲಿಗೆ. ಅದೇ ಬೇರಿನ ಇಂಗ್ಲಿಷ್ ಪದ ಮಾತ್ರ ಧನ್ಯನಿಂದ ಮುಗ್ಧನಾಗಿ, ಬಡಪಾಯಿಯಾಗಿ, ಕೊನೆಗೆ 'ಸಿಲ್ಲಿ' ಎಂದು ಪೆದ್ದನಾಯಿತು. "ಸುಖಿ ಅಂದ್ರ ತೀರಿಕೊಂಡವರೇನ್ರಿ ಸರ್?" ಎಂದು ನೀನು ಕೇಳಿದಾಗ ಕ್ಲಾಸೆಲ್ಲ ನಕ್ಕಿತು. ನೀನು ನಗಲಿಲ್ಲ. "ನಮ್ಮಲ್ಲೂ ತೀರಿಕೊಂಡವರಿಗಿ ಮರಹೂಮ ಅಂತಾರ. ರಹಮ್, ದೇವರ ದಯಾ ಸಿಕ್ಕವರು," ಎಂದೆ ಮೆಲ್ಲಗೆ. ನಿನಗೆ ತೀರಿಹೋದ ನಿನ್ನ ಅಬ್ಬಾ ನೆನಪಾಗಿದ್ದರು.

ಆ ಮಳೆಗಾಲದಲ್ಲೇ ಡೆಂಗ್ಯೂ ಬಂತು. ನಾವು ದುಡಿಯುತ್ತಿದ್ದ ವಾರ್ಡಿನಲ್ಲೇ ನೀನು ಮಲಗಿದೆ. ನಿನ್ನ ಕೈಗೆ ಸಲೈನ್ ಹಚ್ಚಿದವಳು ನಾನೇ. ಅದನ್ನು ತೆಗೆದವಳೂ ನಾನೇ.

ಅಂದಿನಿಂದ ಅಮ್ಮಿ ಅಳಲೇ ಇಲ್ಲ. ಯಾರು ಕೇಳಿದರೂ, "ತರನ್ನುಮ ಡ್ಯೂಟಿಗಿ ಹೋಗ್ಯಾಳ್ರಿ" ಎನ್ನುತ್ತಿದ್ದರು. ಸುತ್ತಲಿನವರು ಹೂಂ ಎನ್ನುತ್ತಿದ್ದರು. ನಾನೂ.

ನಿನ್ನೆ ಗುಲಾಮ ರಸೂಲ ಚಾಚಾ ನಿನ್ನ ಗೋರಿಯ ಕಲ್ಲು ಕೆತ್ತಿ ಅಂಗಳಕ್ಕೆ ತಂದಿಳಿಸಿದರು. ಅಮ್ಮಿ ಉರ್ದು ಅಕ್ಷರಗಳ ಮೇಲೆ ಬೆರಳಾಡಿಸುತ್ತ ಹೋಗಿ, ನಿನ್ನ ಹೆಸರಿನ ಜೊತೆ ಕೆತ್ತಿದ್ದ 'ಮರಹೂಮ' ಎಂಬಲ್ಲಿ ಗಕ್ಕನೆ ನಿಂತರು. "ಮರಹೂಮ ಮರ್ದ್ ಕೋ ಬೋಲ್ತೆ, ಭಾಯ್. ಮೇರಿ ಬೇಟಿ ಮರಹೂಮಾ ಹೈ." ಗಂಡಸಿಗೆ ಮರಹೂಮ, ನನ್ನ ಮಗಳು ಮರಹೂಮಾ. ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತೇನೋ, ಕಲ್ಲನ್ನು ತಬ್ಬಿಕೊಂಡು ಕುಸಿದುಬಿಟ್ಟರು. ಅಂಥ ಅಳು ನಾನು ಯಾವ ವಾರ್ಡಿನಲ್ಲೂ ಕೇಳಿಲ್ಲ. ಚಾಚಾ ಕಣ್ಣೊರೆಸಿಕೊಂಡು, ಉಳಿ ಹಿಡಿದು, ಬಿಟ್ಟುಹೋದ ಒಂದಕ್ಷರವನ್ನು ಸೇರಿಸಿದರು.

ಸಂಜೆ ಅಮ್ಮಿ ನನ್ನ ಕೈ ಹಿಡಿದು, "ನೀನೂ ಹೇಳವ್ವ ಕರುಣಾ, ಒಮ್ಮೆ ಹೇಳು" ಎಂದರು. ಹೇಳಿದೆ. "ತರನ್ನುಮ ಇಲ್ರಿ ಅಮ್ಮಿ."

ನೀನಿರುವಲ್ಲಿ ಜ್ವರವಿಲ್ಲದ ನಿದ್ದೆ ನಿನಗೆ ಸಿಗಲಿ, ಗೆಳತಿ.

ನಿನ್ನವಳೇ ಆದ,
ಕರುಣಾ