ಗಾಲ್ಫ್ ಹುಲ್ಲಿನ ಮೇಲೆ ತೊಟ್ಟಿಲು

ಮೂಡಬಿದ್ರೆ
೧೨ ಜನವರಿ ೧೯೫೮

ಪ್ರೀತಿಯ ಅಮ್ಮನವರಿಗೆ ಕಾಂತಿ ದೂರದಿಂದಲೇ ಕಾಲು ಹಿಡಿಯುತ್ತಾಳೆ. ಈ ಕಾಗದವನ್ನು ಯಾರಿಂದಲೂ ಓದಿಸಬೇಡಿ, ಕನ್ನಡಕ ಹಾಕಿಕೊಂಡು ನೀವೇ ಓದಿ.

ಸಿದ್ಧಕಟ್ಟೆಯ ನಮ್ಮ ಗುಡ್ಡದ ಪದವಿನ ಮೇಲಿನ ಗಾಲ್ಫ್ ಮೈದಾನವನ್ನು ಅಣ್ಣು ಮಾವ ಮಂಗಳೂರಿನ ಸಾಹೇಬರಿಗೆ ಇನ್ನೂ ಹತ್ತು ವರ್ಷಕ್ಕೆ ಬರೆದುಕೊಡುತ್ತಾರಂತೆ. ನಮ್ಮದು ಅಳಿಯಸಂತಾನದ ಮನೆ. ಯಜಮಾನಿಕೆ ನಿಮ್ಮ ತಮ್ಮನದ್ದಾದರೂ ಜಾಗ ಹೆಣ್ಣುಮಕ್ಕಳದ್ದು. ನಿಮ್ಮ ರುಜು ಇಲ್ಲದೆ ಕಾಗದ ಆಗುವುದಿಲ್ಲ. ರುಜು ಹಾಕಬೇಡಿ ಅಮ್ಮ. ಜಾಗ ಸಿಕ್ಕಿದರೆ ಹೆರಿಗೆ ಆಸ್ಪತ್ರೆ ಕಟ್ಟಿಸುತ್ತೇವೆಂದು ಸರ್ಕಾರದವರು ಹೇಳಿದ್ದಾರಲ್ಲ, ಅವರಿಗೆ ಕೊಡಿ. ‘ಸಾಹೇಬರ ಎದುರು ನನ್ನ ಮರ್ಯಾದೆ ಎಂತ ಆಗ್ತದೆ’ ಎಂದು ಮಾವ ಹಾರಾಡಬಹುದು. ಹಾರಾಡಲಿ. ವಾರಕ್ಕೊಮ್ಮೆ ನಾಲ್ಕು ಜನ ಕೋಲು ಹಿಡಿದು ಚೆಂಡು ಹುಡುಕುವುದಕ್ಕೆ ನಲವತ್ತು ಎಕರೆ ಬೇಕೇ?

ಈಚೆಗೆ ಮಧ್ಯಾಹ್ನ ಶಾಲೆಯಲ್ಲಿ ಮಕ್ಕಳು ಮಗ್ಗಿ ಹೇಳುವಾಗ ನನಗೆ ಆ ಮೈದಾನ ಕಾಣುತ್ತದೆ. ಹುಲ್ಲಿನ ಮೇಲೆ ಬಿಳಿ ಸೀರೆಗಳು ಒಣಗುತ್ತಿರುತ್ತವೆ. ಬಾವುಟ ನೆಟ್ಟ ಗುಂಡಿಗಳಲ್ಲಿ ಯಾರೋ ಸಂಪಿಗೆ ಗಿಡ ಇಟ್ಟಿದ್ದಾರೆ. ಉದ್ದನೆಯ ಜಗಲಿಯಲ್ಲಿ ತೊಟ್ಟಿಲುಗಳು, ಗಾಳಿಗೆ ತಾವಾಗಿಯೇ ತೂಗುತ್ತವೆ. ಕೊನೆಯ ತೊಟ್ಟಿಲ ಬಳಿ ಶಶಿಪ್ರಭಕ್ಕ ಕುಳಿತು ಜಡೆ ಬಿಚ್ಚುತ್ತಿರುತ್ತಾಳೆ. ನನ್ನನ್ನು ನೋಡಿ, ಎಷ್ಟು ಹೊತ್ತು ಮಾಡಿದೆ ಎಂದು ನಗುತ್ತಾಳೆ.

ಅಕ್ಕ ಹೋಗಿ ಆರು ವರ್ಷ. ನೋವು ಬಂದವಳನ್ನು ಕುರ್ಚಿಯಲ್ಲಿ ಹೊತ್ತು ಬಂಟ್ವಾಳದ ಆಸ್ಪತ್ರೆಗೆ ಹೊರಟಾಗ ನೀವು ಜ್ವರದಲ್ಲಿ ಮಲಗಿದ್ದಿರಿ. ಜೊತೆಗೆ ಹೋದವಳು ನಾನು. ಮೈದಾನ ದಾಟಿದರೆ ಬಸ್ಸಿನ ಮಾರ್ಗಕ್ಕೆ ಕಾಲು ಗಂಟೆ. ಆದರೆ ಆ ಹಸಿರಿಗೆ ಊರವರು ಕಾಲಿಡಬಾರದೆಂದು ಮಾವನ ಕಟ್ಟಪ್ಪಣೆ. ಸುತ್ತು ಹಾಕಿ ಮಾರ್ಗ ಮುಟ್ಟುವಾಗ ಅಕ್ಕನ ಕೈ ತಣ್ಣಗಾಗಿತ್ತು. ಅಂದು ಸಾಹೇಬರೂ ಇರಲಿಲ್ಲ, ಕಾವಲಿನವರೂ ಇರಲಿಲ್ಲ. ಬರಿಯ ಹುಲ್ಲು. ಮೈದಾನ ದಾಟುವ ಬುದ್ಧಿ ಕುರ್ಚಿ ಹೊತ್ತ ನೋಣಯ್ಯನಿಗೆ ಇರಲಿಲ್ಲವೆಂದು ನೀವು ಅವನಿಗೆ ಅಂಗಳಕ್ಕೂ ಕಾಲಿಡಬೇಡವೆಂದಿರಿ. ಇಂದಿಗೂ ಅವನ ಹೆಸರೆತ್ತಿದರೆ ಮುಖ ತಿರುಗಿಸುತ್ತೀರಿ.

ನನಗೆ ಬೇರೆ ಏನೂ ಬೇಡ, ನನ್ನ ಪಾಲಿನ ಒಡವೆಯೂ ಬೇಡ. ಆ ಮೈದಾನ ಬಸುರಿಯರಿಗೆ ಇರಲಿ.

ನಿಮಗೆ ಉಳಿದಿರುವ ಮಗಳು,
ಕಾಂತಿ

ತಾ.ಕ.: ನೋಣಯ್ಯ ಅಂದು ಹುಲ್ಲಿನ ಅಂಚಿನಲ್ಲಿ ನಿಂತು, ‘ನಡುವಿನಿಂದಲೇ ಹೋಗುವ, ಬೈದರೆ ನನಗೆ ಬೈಯಲಿ’ ಎಂದಿದ್ದ. ಬೇಡ, ಮಾವ ಬೈತಾರೆ, ಸುತ್ತಿಯೇ ಹೋಗುವ ಎಂದವಳು ನಾನು. ಇಷ್ಟು ವರ್ಷ ಅವನು ನಿಮ್ಮೆದುರು ಬಾಯಿ ಬಿಟ್ಟಿಲ್ಲ. ಅವನನ್ನು ಕರೆದು ಜಗಲಿಯಲ್ಲಿ ಕೂರಿಸಿ. ಬೈಯುವುದಾದರೆ ನನಗೆ ಬೈಯಿರಿ ಅಮ್ಮ, ರುಜು ಮಾತ್ರ ಹಾಕಬೇಡಿ.