ಗುಬ್ಬಿಗಳು ಸುಮ್ಮನಾದಾಗ

ಅಣ್ಣಾ,

ಹಕ್ಕಿಗಳ ಮಾತು ಕಲಿಯಲು ನಿನ್ನ ಮಗಳು ನಾಳೆ ಕಾಡಂಚಿನ ಶಿಬಿರಕ್ಕೆ ಹೊರಟಿದ್ದಾಳೆ. ನೀನು ಕರಡಿಗೆ ಬಲಿಯಾದ ಮೇಲೆ ಕಾಡಿನ ಕಡೆ ತಲೆಹಾಕದ ನಾನೂ ಜೊತೆಗೆ ಹೋಗುತ್ತಿದ್ದೇನೆ. ಅವಳೊಬ್ಬಳನ್ನೇ ಕಳಿಸಲು ಜೀವ ಒಪ್ಪಲಿಲ್ಲ.

ಇಂದು ಸಂಜೆ ಚೀಲ ತುಂಬಿಟ್ಟು, ಅಭ್ಯಾಸಕ್ಕೆಂದು ಇಬ್ಬರೂ ಹಿತ್ತಲಲ್ಲಿ ಕೂತೆವು. ಬೇಲಿಯಲ್ಲಿ ಗುಬ್ಬಿಗಳ ಗಲಾಟೆಯೋ ಗಲಾಟೆ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಇದ್ದಕ್ಕಿದ್ದಂತೆ ಎಲ್ಲವೂ ಸುಮ್ಮನಾದವು. ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋಗಿ ಚಿಲಕ ಹಾಕಿದೆ.

ಅವಳು ಕಿಟಕಿಯಲ್ಲಿ ಇಣುಕಿ, "ಪಕ್ಕದ್ಮನೆ ಬೆಕ್ಕು ಬಂತು, ಅಷ್ಟೇ ಅತ್ತೆ. ಏನಾದ್ರೂ ಬರ್ತಿದ್ರೆ ಹಕ್ಕಿಗಳಿಗೆ ಮೊದ್ಲೇ ಗೊತ್ತಾಗುತ್ತೆ" ಎಂದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: "ಅವತ್ತೂ ಹಿಂಗೇ ಸುಮ್ಮನಾಗಿರ್ತಾವೆ ಅಲ್ವಾ? ಅಪ್ಪಂಗೆ ಯಾಕೆ ಗೊತ್ತಾಗ್ಲಿಲ್ಲ?"

ಆ ಹೊತ್ತಿನಲ್ಲಿ ನೀನು ಫೋನಿನಲ್ಲಿ ನನ್ನ ಜೊತೆ ನಗುತ್ತಿದ್ದದ್ದು ಅವಳಿಗೆ ಗೊತ್ತಿಲ್ಲ.

"ಬೆಚ್ಚಗಿನ ಬಟ್ಟೆ ಇಟ್ಕೊಂಡ್ಯಾ ಪುಟ್ಟಿ?" ಎಂದೆ.

ನಾಳೆ ಮರದಡಿ ಅವಳ ಪಕ್ಕದಲ್ಲಿ ಮಾತಿಲ್ಲದೆ ತುಂಬಾ ಹೊತ್ತು ಕೂರಬೇಕಂತೆ. ಮತ್ತೆ ಕೇಳಿದರೆ ಹೇಳಿಬಿಡಬೇಕು ಅಂದುಕೊಂಡಿದ್ದೇನೆ. ಕೇಳದಿರಲಿ ಎಂದೂ ಬೇಡಿಕೊಳ್ಳುತ್ತಿದ್ದೇನೆ.

ನಿನ್ನ ತಂಗಿ