ತೊಳೆದು ಕೊಟ್ಟ ಪ್ಲಾಸ್ಟಿಕ್ಕು ನಮ್ಮ ಸುರಂಗದ ನೆತ್ತಿಗೆ

ಮಾನ್ಯ ಪಂಚಾಯತ್ ಕಾರ್ಯದರ್ಶಿಯವರೇ,

ನೀವು ತೊಳೆದು ಒಣಗಿಸಿ ಕೊಡಿ ಎಂದ ಪ್ಲಾಸ್ಟಿಕ್ಕನ್ನು ನಾನು ತೊಳೆದು ಒಣಗಿಸಿ ಕೊಟ್ಟೆ. ನೀವು ಅದನ್ನು ಕೊಂಡುಹೋಗಿ ನಾವು ಕುಡಿಯುವ ನೀರಿನ ನೆತ್ತಿಯ ಮೇಲೆ ಸುರಿಸಿದಿರಿ. ಹೇಳಲಿಕ್ಕಿರುವುದು ಇಷ್ಟೇ. ಇದನ್ನೇ ನಿಮ್ಮ ಆಫೀಸಿಗೆ ಬಂದು ಹೇಳಿದಾಗ ನಿಮ್ಮ ಕಿವಿಗೆ ಹೋಗಲಿಲ್ಲ. ಆದ ಕಾರಣ ಈಗ ಊರಿಗೇ ಕೇಳಲಿ ಎಂದು ಪೇಪರಿಗೆ ಬರೆಯುತ್ತಿದ್ದೇನೆ. ನಾನು ಶಾಲೆಗೆ ಹೋದದ್ದು ನಾಲ್ಕನೆಯ ಕ್ಲಾಸಿನವರೆಗೆ. ಕಾಗುಣಿತದ ತಪ್ಪನ್ನು ಮೊಮ್ಮಗಳು ಕ್ಷಮಾ ತಿದ್ದಿದ್ದಾಳೆ. ಸಿಟ್ಟನ್ನು ತಿದ್ದಬೇಡ ಎಂದು ಹೇಳಿದ್ದೇನೆ.

ಕಳೆದ ವರ್ಷ ಆ ದೊಡ್ಡ ನೆರೆ ಬಂದು ಹೋದ ಮೇಲೆ ನೆರೆಕರೆಯ ಅಯಲ್ಕೂಟ ಸಂಘದ ಹೆಂಗಸರನ್ನೆಲ್ಲ ಶಾಲೆಯ ಹಾಲಿನಲ್ಲಿ ಕೂರಿಸಿ ನೀವು ಕ್ಲಾಸು ತೆಗೆದುಕೊಂಡದ್ದು ನೆನಪುಂಟಲ್ಲ? ದಿನನಿತ್ಯದ ಸಣ್ಣ ಸಣ್ಣ ಅಭ್ಯಾಸದಿಂದ ಭೂಮಿಯನ್ನು ಉಳಿಸುವುದು ಹೇಗೆ ಎಂದು ಕ್ಲಾಸು. ನಿಮ್ಮ ಬೆನ್ನ ಹಿಂದೆ ಗೋಡೆ ತುಂಬಾ ಫ್ಲೆಕ್ಸು, ಅದರಲ್ಲಿ ಹಸಿರು ಮರ. ಎದುರಿನ ಮೇಜಿನ ಮೇಲೆ ಪ್ರತಿಯೊಬ್ಬ ಅತಿಥಿಗೆ ಒಂದೊಂದು ನೀರಿನ ಬಾಟಲಿ. ಪೇಟೆಗೆ ಹೋಗುವಾಗ ಬಟ್ಟೆಯ ಚೀಲ ಹಿಡಿದುಕೊಳ್ಳಿ ಎಂದಿರಿ. ಪಾತ್ರೆ ತೊಳೆದ ನೀರನ್ನು ಗಿಡಕ್ಕೆ ಬಿಡಿ ಎಂದಿರಿ. ಮೀನು ತರಲಿಕ್ಕೆ ಮನೆಯಿಂದ ಪಾತ್ರೆ ಒಯ್ಯಿರಿ ಎಂದಿರಿ. ನಾವು ತಲೆ ಆಡಿಸಿದೆವು. ಆಡಿಸದೆ ಎಂತ ಮಾಡುವುದು? ನನ್ನ ಅಮ್ಮ ತೇಗದ ಎಲೆಯಲ್ಲಿ ಕಟ್ಟಿಸಿ ಮೀನು ತರುತ್ತಿದ್ದವಳು. ನಮ್ಮ ಬಚ್ಚಲಿನ ನೀರು ಬಸಳೆಯ ಬುಡ ಬಿಟ್ಟು ಬೇರೆ ಕಡೆ ಹೋದದ್ದಿಲ್ಲ. ಹಳೆಯ ಸೀರೆ ಮೊದಲು ತೊಟ್ಟಿಲಾಯಿತು, ಮತ್ತೆ ಚೀಲವಾಯಿತು, ಕೊನೆಗೆ ನೆಲ ಒರೆಸುವ ಬಟ್ಟೆಯಾಯಿತು. ಬಡತನ ಕಲಿಸಿದ್ದನ್ನು ನೀವು ಸರ್ಟಿಫಿಕೇಟು ಕೊಟ್ಟು ಕಲಿಸಿದಿರಿ. ಇರಲಿ. ಕಲಿಸಿದವರು ದೊಡ್ಡವರು.

ಆದರೆ ಕಾಲ ಬದಲಾಗಿದೆ, ಅದು ನನಗೂ ಗೊತ್ತುಂಟು. ಈಗ ಮನೆಯಲ್ಲಿ ದನ ಇಲ್ಲ, ಹಾಲು ಪ್ಯಾಕೆಟಿನಲ್ಲಿ ಬರುತ್ತದೆ. ಮೊದಲು ಅದನ್ನು ಒಲೆಗೆ ಹಾಕುತ್ತಿದ್ದೆ. ಅದರ ಹೊಗೆ ಕೆಟ್ಟದು ಎಂದು ನೀವು ಹೇಳಿದ್ದು ನನಗೆ ನಾಟಿತು. ಅಲ್ಲಿಂದ ಮತ್ತೆ ಪ್ಯಾಕೆಟನ್ನು ಕತ್ತರಿಸಿ, ಸೀಗೆಪುಡಿ ಹಾಕಿ ಕೈಯಲ್ಲೇ ತಿಕ್ಕಿ ತೊಳೆದು, ಬಟ್ಟೆಯ ಸರಿಗೆಯಲ್ಲಿ ಸಾಲಾಗಿ ಒಣಹಾಕುತ್ತಿದ್ದೆ. ಒಣಗಿದ ಮೇಲೆ ಬಾಳೆನಾರಿನಲ್ಲಿ ಕಟ್ಟು ಕಟ್ಟುತ್ತಿದ್ದೆ. ಪ್ಲಾಸ್ಟಿಕ್ಕನ್ನು ಪ್ಲಾಸ್ಟಿಕ್ಕಿನಲ್ಲೇ ಕಟ್ಟಿ ಕೊಡುವುದು ಎಂತದು ಎಂದು ನನಗೊಂದು ಹಠ. ಬೇಲಿಯ ಆಚೆ ಮನೆಯ ಮರಿಯುಮ್ಮ ಇದನ್ನು ನೋಡಿ ನಗುತ್ತಿದ್ದಳು. "ಜಲಜಕ್ಕ, ನಿಮ್ಮ ಮನೆಯಲ್ಲಿ ಹಾಲಿನ ಪ್ಯಾಕೆಟಿಗೆ ದಿನಾ ಸ್ನಾನ ಉಂಟು. ಮೊಮ್ಮಗಳಿಗೆ ಉಂಟಾ?" ಎಂದು ಕೇಳುತ್ತಿದ್ದಳು. ನಕ್ಕವಳು ತಾನೂ ಸುಮ್ಮನೆ ಕೂರಲಿಲ್ಲ. ಬಿಸ್ಕತ್ತಿನ ಕವರನ್ನೆಲ್ಲ ವೀಳ್ಯದ ಬೀಡ ಮಡಚುವ ಹಾಗೆ ಮೂರು ಮೂಲೆ ಮಾಡಿ ಮಡಚಿ ಇಡುತ್ತಿದ್ದಳು. ತಿಂಗಳಿಗೊಮ್ಮೆ ಮನೆ ಮನೆಯ ಕಸ ಒಯ್ಯುವ ನಿಮ್ಮ ಹಸಿರು ಸೇನೆಯ ದೇವಕಿ ಬಂದು ತಲೆಹೊರೆಯಲ್ಲಿ ಒಯ್ಯುತ್ತಿದ್ದಳು. ಇಷ್ಟು ಚೆಂದದ ಕಸ ವಾರ್ಡಿನಲ್ಲೇ ಇಲ್ಲ ಎಂದು ಅವಳು ಹೇಳಿದರೆ ನಮಗಿಬ್ಬರಿಗೂ ಬಹುಮಾನ ಸಿಕ್ಕಿದ ಹಾಗೆ.

ಈಗ ನಮ್ಮ ನೀರಿನ ವಿಷಯ. ನಮಗೆ ಬಾವಿ ಇಲ್ಲ. ಮನೆಯ ಹಿಂದಿನ ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗ ಉಂಟು. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಜಾಗ. ಒಳಗೆ ಕೆಂಪುಕಲ್ಲಿನ ಎಡೆಯಿಂದ ನೀರು ಜಿನುಗಿ, ಸಣ್ಣ ತೋಡಿನ ಹಾಗೆ ತಾನೇ ಹರಿದು ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ, ಹಗ್ಗ ಕೊಡಪಾನವೂ ಬೇಡ. ನನ್ನ ಮಾವ ಮತ್ತು ಮರಿಯುಮ್ಮನ ಮಾವ ಸೇರಿ ಚಿಮಿಣಿ ಎಣ್ಣೆಯ ದೀಪ ಇಟ್ಟುಕೊಂಡು ಇದನ್ನು ಕೊರೆದದ್ದು. ದೀಪ ನಂದಿದರೆ ಒಳಗೆ ಗಾಳಿ ಇಲ್ಲ ಎಂದು ಹೊರಗೆ ಓಡಿ ಬರಬೇಕಿತ್ತಂತೆ. ಹಾಗೆ ಜೀವ ಹಿಡಿದುಕೊಂಡು ತೆಗೆದ ನೀರು. ಎರಡು ಮನೆಗೂ ಒಂದೇ ಟಾಂಕಿ. ಈ ತನಕ ನೀರಿಗಾಗಿ ನಮ್ಮೊಳಗೆ ಜಗಳ ಆದದ್ದಿಲ್ಲ. ಹಿತ್ತಿಲಿನ ಕೋಳಿಗಾಗಿ ಆಗಿದೆ.

ಸುರಂಗದ ನೇರ ಮೇಲೆ, ಗುಡ್ಡೆಯ ತಲೆಯಲ್ಲಿ, ಕೆಂಪುಕಲ್ಲು ಕಡಿದು ಬಿಟ್ಟುಹಾಕಿದ ಕೋರೆ ಉಂಟು. ಮಳೆಯ ನೀರು ಆ ಗುಂಡಿಯಲ್ಲಿ ನಿಂತು, ಕಲ್ಲಿನೊಳಗೆ ಇಳಿದು, ನಮ್ಮ ಟಾಂಕಿಗೆ ಬರುವುದು. ಈ ಬೇಸಗೆಯಲ್ಲಿ ಒಂದು ಅಡ್ಡ ಮಳೆ ಬಿತ್ತು. ಅದಾಗಿ ಸ್ವಲ್ಪ ದಿನದಲ್ಲಿ ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಬಣ್ಣ ಬಣ್ಣದ ಪೊರೆ ಬಂತು. ಬಾಯಿಗೆ ಇಟ್ಟರೆ ಕರಟಿದ ವಾಸನೆ. ಟಾಂಕಿಯಲ್ಲಿ ಬಿಟ್ಟಿದ್ದ ಮೀನು ಹೊಟ್ಟೆ ಮೇಲೆ ಮಾಡಿ ತೇಲಿತು. ಎಲ್ಲಿಯಾದರೂ ಹೆಗ್ಗಣ ಸತ್ತಿರಬೇಕು ಎಂದು ಮಗ ಟಾರ್ಚು ಹಿಡಿದು ಸುರಂಗದೊಳಗೆ ಹೋಗಿ ಬಂದ. ಒಳಗೆ ಎಂತದೂ ಇಲ್ಲ. ಹಾಗಾದರೆ ಮೇಲೆಯೇ ನೋಡಬೇಕು ಎಂದು ನಾನು, ಮರಿಯುಮ್ಮ, ಕ್ಷಮಾ ಗುಡ್ಡೆ ಹತ್ತಿದೆವು. ನನ್ನ ಮೊಣಗಂಟಿನ ಕಥೆ ಇಲ್ಲಿ ಬೇಡ.

ಕೋರೆಯ ಗುಂಡಿ ತುಂಬಾ ಚೀಲ. ಅರ್ಧ ಸುಟ್ಟು ಕರಗಿ ಕಪ್ಪು ಹಲ್ವದ ಹಾಗೆ ಕಲ್ಲಿಗೆ ಅಂಟಿಕೊಂಡಿತ್ತು. ಸುಡದೆ ಉಳಿದ ಒಂದು ಚೀಲ ಒಡೆದು ಬಾಯಿ ಬಿಟ್ಟಿತ್ತು. ಅದರಿಂದ ಹೊರಗೆ ಬಿದ್ದದ್ದು ಬಾಳೆನಾರಿನಲ್ಲಿ ಕಟ್ಟಿದ ಹಾಲಿನ ಪ್ಯಾಕೆಟಿನ ಕಟ್ಟು. ಅದರ ಒತ್ತಿನಲ್ಲಿ ಮೂರು ಮೂಲೆಯ ಬಿಸ್ಕತ್ತಿನ ಕವರು. ನನ್ನ ಗಂಟು ನನಗೆ ಗೊತ್ತಾಗದೆ ಇರುತ್ತದಾ ಸಾರ್? ಮರಿಯುಮ್ಮ ತನ್ನದೊಂದನ್ನು ಹೆಕ್ಕಿ ಕೈಯಲ್ಲಿ ಹಿಡಿದು ನಿಂತಳು. ಇಳಿದು ಬರುವಾಗ ಅರ್ಧ ದಾರಿಯಲ್ಲಿ ಹೇಳಿದಳು: "ಜಲಜಕ್ಕ, ನನ್ನ ಗಂಡ ತೀರಿಹೋದಾಗ ಮಯ್ಯತ್ತನ್ನು ಮೀಯಿಸಿದ್ದು ಈ ನೀರಿನಲ್ಲಿ. ಮಗಳು ರಸೀನಾಳ ಮಗುವಿಗೆ ಮೊದಲ ಸ್ನಾನ ಆದದ್ದೂ ಇದರಲ್ಲಿ. ಈಗ ಇದನ್ನು ಹಾಳು ಮಾಡಿದ್ದು ನಾವೇ ಮಡಚಿ ಕೊಟ್ಟ ಕಸ."

ನಿಮ್ಮ ಆಫೀಸಿನಲ್ಲಿ ಆದದ್ದನ್ನೂ ಊರು ಕೇಳಲಿ. ಕನ್ನಡ ಅರ್ಥ ಆಗಲಿಲ್ಲ ಎಂದು ಭಾಷೆಯ ನೆಪ ಹೇಳಬೇಡಿ, ನಾವು ಮಾತಾಡಿದ್ದು ನಿಮ್ಮ ಮಲಯಾಳದಲ್ಲೇ. ಅದು ತಾತ್ಕಾಲಿಕ ಸಂಗ್ರಹ, ಒಯ್ಯುವ ಲಾರಿ ಬಂದಿಲ್ಲ ಎಂದಿರಿ. ಬೆಂಕಿ ಹಾಕಿದ್ದು ಯಾರೋ ಕಿಡಿಗೇಡಿಗಳು ಎಂದಿರಿ. ಕಿಡಿಗೇಡಿಗಳಿಗೆ ಗುಡ್ಡೆಯ ತಲೆಯಲ್ಲಿ ಅಷ್ಟು ಚೀಲ ಸಾಲಾಗಿ ಇಟ್ಟು ಕೊಟ್ಟದ್ದು ಯಾರು? ಜಾಗವನ್ನು ಪರಿಶೀಲನೆ ಮಾಡಿಯೇ ಆರಿಸಿದ್ದು, ಹತ್ತಿರದಲ್ಲಿ ಒಂದು ಬಾವಿಯೂ ಇಲ್ಲ ಎಂದು ನೀವು ಎದೆ ಉಬ್ಬಿಸಿ ಹೇಳಿದಿರಿ. ಬಾವಿ ಇಲ್ಲ ಸಾರ್, ಸುರಂಗ ಉಂಟು ಎಂದೆ. "ಅದು ಮುಳ್ಳುಹಂದಿ ಇರುವ ಬಿಲವಲ್ಲವಾ ಅಮ್ಮ?" ಎಂದು ಕೇಳಿದಿರಿ. ಪಕ್ಕದ ಕುರ್ಚಿಯವರು ನಕ್ಕರು.

ನಾವು ತಲೆತಲಾಂತರದಿಂದ ಮುಳ್ಳುಹಂದಿಯ ಬಿಲದ ನೀರು ಕುಡಿದು ಬದುಕಿದವರು ಎಂದೇ ಇಟ್ಟುಕೊಳ್ಳಿ. ಆದರೂ ಒಂದು ಸಂಶಯ. ನಿಮ್ಮ ಪರಿಶೀಲನೆ ಎಂದರೆ ಕಟ್ಟೆ ಕಟ್ಟಿ ರಾಟೆ ಹಾಕಿದ ಬಾವಿಯನ್ನು ಜೀಪಿನಲ್ಲಿ ಕೂತು ಹುಡುಕುವುದಾ? ಗುಡ್ಡೆಯ ಬುಡದಲ್ಲಿ ಎರಡು ಮನೆ ಕಂಡಿತಲ್ಲ, ಇವರು ಎಂತ ಕುಡಿಯುತ್ತಾರೆ ಎಂದು ಇಳಿದು ಕೇಳಲಿಕ್ಕೆ ಯಾವ ಇಲಾಖೆಯ ಅನುಮತಿ ಬೇಕಿತ್ತು? ಒಂದು ಹಾಲಿನ ಪ್ಯಾಕೆಟು ತೊಳೆಯಲಿಕ್ಕೆ ನನಗೆ ಕ್ಲಾಸು ತೆಗೆದುಕೊಂಡಿರಿ. ಊರಿನ ಕಸ ಎಲ್ಲಿ ಹಾಕಬೇಕು ಎಂದು ನಿಮಗೆ ಕ್ಲಾಸು ತೆಗೆದುಕೊಳ್ಳುವವರು ಯಾರೂ ಇಲ್ಲವಾ? ಅಭ್ಯಾಸ ಎಂಬುದು ಹೆಂಗಸರಿಗೆ ಮಾತ್ರ, ಆಫೀಸಿಗೆ ಇಲ್ಲವಾ?

ಈಗ ಎಂತಾಗಿದೆ ಎಂದರೆ, ಹುಟ್ಟಿದಂದಿನಿಂದ ನೀರಿಗೆ ಅಂಗಡಿ ಕಾಣದ ಎರಡು ಮನೆಗೆ ನಾಯ್ಮಾರ್ಮೂಲೆ ಪೇಟೆಯಿಂದ ರಿಕ್ಷಾದಲ್ಲಿ ನೀರಿನ ಕ್ಯಾನು ಬರುತ್ತದೆ. ಪ್ಲಾಸ್ಟಿಕ್ಕಿನ ಕ್ಯಾನು. ಬಾಯಿಗೊಂದು ಪ್ಲಾಸ್ಟಿಕ್ಕಿನ ಮುಚ್ಚಳ, ಅದರ ಮೇಲೊಂದು ಪ್ಲಾಸ್ಟಿಕ್ಕಿನ ಕಾಗದ. ನಿಮ್ಮ ಪ್ಲಾಸ್ಟಿಕ್ ನಿರ್ಮೂಲನದಿಂದ ನಮ್ಮ ಮನೆಗೆ ಬಂದ ಭಾಗ್ಯ ಇದು. ಆ ಮುಚ್ಚಳವನ್ನೂ ತೊಳೆದು ಕೊಡಬೇಕಾ ಸಾರ್? ತೊಳೆಯಲಿಕ್ಕೆ ಯಾವ ನೀರು?

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ತಪ್ಪನ್ನು ದೇವಕಿಯಂಥವರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬೇಡಿ. ಬಿಸಿಲಿನಲ್ಲಿ ಮನೆ ಮನೆ ತಿರುಗಿ ಹೊತ್ತದ್ದು ಅವರು. ಹೊತ್ತದ್ದನ್ನು ಎಲ್ಲಿ ಇಳಿಸಬೇಕು ಎಂದು ಹೇಳಿದ್ದು ನೀವು. ಹಾಗೆಯೇ, ಪ್ಲಾಸ್ಟಿಕ್ ತೊಳೆಯುವುದೇ ದಂಡ, ಒಲೆಗೇ ಹಾಕುವ ಎಂದು ಇದನ್ನು ಓದಿದ ಹೆಂಗಸರು ಯಾರೂ ಹೇಳಬಾರದು. ಹೊಗೆ ಕೆಟ್ಟದು ಎಂದು ನೀವು ಹೇಳಿದ್ದು ಸತ್ಯವೇ. ಸತ್ಯ ಹೇಳಿದವರೇ ಅದನ್ನು ಪಾಲಿಸಲಿಲ್ಲ ಎಂದು ಸತ್ಯ ಸುಳ್ಳಾಗುವುದಿಲ್ಲ.

ನಮಗೆ ಬೇಕಾದದ್ದು ಇದು. ದೊಡ್ಡ ಮಳೆ ಹಿಡಿಯುವ ಮೊದಲು ಆ ಗುಂಡಿಯಿಂದ ಕೊನೆಯ ಚೂರಿನ ತನಕ ಹೆಕ್ಕಿಸಿ. ಕರಗಿ ಅಂಟಿದ್ದನ್ನು ಕಲ್ಲಿನಿಂದ ಕೆತ್ತಿಸಿ. ಬೂದಿ ಕಲಸಿದ ಮಣ್ಣನ್ನೂ ಬಿಡಬೇಡಿ. ಒಂದು ಮಳೆಗೇ ಮೀನು ಸತ್ತಿತು, ಇಡೀ ಮಳೆಗಾಲ ಅದರ ಮೇಲೆ ಸುರಿದರೆ ಸುರಂಗ ನಮ್ಮ ಕಾಲಕ್ಕೆ ಸರಿಯಾಗುವುದಿಲ್ಲ. ನೀರನ್ನು ಪರೀಕ್ಷೆ ಮಾಡಿಸಿ, ಕುಡಿಯಬಹುದು ಎಂದು ಆಗುವ ತನಕ ಎರಡು ಮನೆಗೂ ನೀರು ಮುಟ್ಟಿಸಿ. ಹೆಕ್ಕಿದ್ದನ್ನು ಇನ್ನೊಂದು ಗುಡ್ಡೆಯ ತಲೆಗೆ ಸಾಗಿಸಿ ಕೆಲಸ ಮುಗಿಯಿತು ಎನ್ನಬೇಡಿ. ಅಲ್ಲಿಯೂ ಬುಡದಲ್ಲಿ ಯಾವಳೋ ಒಬ್ಬಳು ಕೊಡಪಾನ ಇಟ್ಟಿರುತ್ತಾಳೆ. ಅವಳ ನೀರು ಕೆಡಿಸಿ ನಮ್ಮದು ಚೊಕ್ಕವಾಗುವುದಾದರೆ ನನಗೂ ಬೇಡ, ಮರಿಯುಮ್ಮನಿಗೂ ಬೇಡ.

ಅಷ್ಟರ ತನಕ ನಮ್ಮ ಮನೆಯ ಪ್ಲಾಸ್ಟಿಕ್ಕನ್ನು ಸುಡುವುದೂ ಇಲ್ಲ, ಎಸೆಯುವುದೂ ಇಲ್ಲ, ನಿಮಗೆ ಕೊಡುವುದೂ ಇಲ್ಲ. ಕಟ್ಟು ಕಟ್ಟಿ ಜಗಲಿಯಲ್ಲಿ ಇಡುತ್ತಿದ್ದೇನೆ. ನೀವೇ ಬಂದು ನೋಡಿ. ಮನೆಗೆ ಬಂದವರಿಗೆ ಕೂರಲಿಕ್ಕೆ ಹೇಳುವ ಮೊದಲೇ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಕ್ರಮ. ಸಿಟ್ಟು ಎಷ್ಟಿದ್ದರೂ ಆ ಕ್ರಮ ನಾನು ತಪ್ಪಿಸುವವಳಲ್ಲ. ಬೆಲ್ಲ ಮನೆಯಲ್ಲಿ ಉಂಟು. ನೀರು ನೀವೇ ತರಬೇಕು.

ಇಂತಿ,
ನಿಮ್ಮ ಕ್ಲಾಸಿನಲ್ಲಿ ಎದುರಿನ ಬೆಂಚಿನಲ್ಲೇ ಕೂತು ಎಲ್ಲವನ್ನೂ ನಂಬಿದ
ಜಲಜಾಕ್ಷಿ
(ಒತ್ತಿನಲ್ಲಿ ಮರಿಯುಮ್ಮನ ಹೆಬ್ಬೆಟ್ಟೂ ಉಂಟು)